ಹೆಣ್ಣು ನೋಡಲು ಬಂದಾಗ ನಿದ್ದೆಹೋದವಳು

"ಹುಡುಗಿಗೆ ಹಾಡು ಬರುತ್ತಾ?"

ಹುಡುಗನ ಸೋದರಮಾವ ಕೇಳಿದ ಪ್ರಶ್ನೆಗೆ ಉತ್ತರ ಬರಲಿಲ್ಲ. ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ ವಸುಮತಿಗೆ ನಾಚಿಕೆ ಎಂದುಕೊಂಡರು ಎಲ್ಲರೂ. ಅಷ್ಟರಲ್ಲಿ ಅವಳ ತಲೆ ವಾಲಿ ಗೋಡೆಗೆ ಒರಗಿತು...

ನಿದ್ದೆ!

"ವಸೂ... ಏಳೇ!" ತಾಯಿ ಕಮಲಮ್ಮ ಗಾಬರಿಯಿಂದ ಭುಜ ಹಿಡಿದರು.

"ಎಬ್ಬಿಸ್ಬೇಡಿ," ಎಂದ ಯೋಗನರಸಿಂಹ. ಹೆಣ್ಣು ನೋಡಲು ಚಿಂತಾಮಣಿಯಿಂದ ಬಂದಿದ್ದ ಹುಡುಗ ಅವನೇ. ಅವಳ ಮುಖಕ್ಕೆ ಬೀಳುತ್ತಿದ್ದ ಬಿಸಿಲು ನೋಡಿ, ಕಿಟಕಿ ಮುಚ್ಚಿ ಹೊರನಡೆದ.

ಅದು 1989. ವಸುಮತಿ ಶಿಡ್ಲಘಟ್ಟದಲ್ಲಿ ಶಾಲೆಯ ಟೀಚರು. ಬೆಳಗ್ಗೆ ಮನೆಪಾಠ, ಹಗಲು ಶಾಲೆ, ಸಂಜೆ ಟೈಪಿಂಗ್ ಕಲಿಸುವುದು, ಆಮೇಲೆ ಹೊಲಿಗೆ. ತಂದೆ ಪುಟ್ಟಸ್ವಾಮಯ್ಯ ಕಾಯಿಲೆ ಬಿದ್ದಾಗ ಶುರುವಾದ ಓಟ. ಅವರು ಗುಣವಾಗಿ ಕಚೇರಿಗೆ ಹೋಗತೊಡಗಿದ ಮೇಲೂ ಅವಳು ನಿಲ್ಲಿಸಲಿಲ್ಲ. ನಿಲ್ಲಿಸಬಹುದು ಎಂದು ಹೊಳೆಯಲೂ ಇಲ್ಲ.

ಮರುದಿನ ಸಂಬಂಧ ತಂದಿದ್ದ ಜಾನಕಮ್ಮ ಬಂದು ಹೇಳಿದರು.

"ಹುಡುಗ ಈಗ್ಲೇ ಬೇಡ ಅಂದ ಕಣೇ ಕಮಲ..."

ವಸುಮತಿ ಅಳಲಿಲ್ಲ. 'ಬೇಡದವಳಿಗೆ ಬಿಡುವು ಯಾಕೆ?' ಎಂದುಕೊಂಡು ಇನ್ನಷ್ಟು ಮಕ್ಕಳನ್ನು ಮನೆಪಾಠಕ್ಕೆ ಸೇರಿಸಿಕೊಂಡಳು.

ಮಳೆಗಾಲದ ಒಂದು ಮಧ್ಯಾಹ್ನ ಬೋರ್ಡಿನ ಮೇಲೆ ಬರೆಯುತ್ತಿದ್ದ ಕೈ ನಿಂತುಬಿಟ್ಟಿತು. ತಿರುಗಿ ನೋಡಿದಳು. ಎದುರಿಗಿದ್ದ ಒಂದು ಮಗುವಿನ ಹೆಸರೂ ನೆನಪಾಗಲಿಲ್ಲ!

ತೆಲುಗು ಮನೆಮಾತಿನ ಆಯಾ ಕೊಂಡಮ್ಮ ಓಡಿಬಂದಳು. "ಕೂತ್ಕೋ ತಲ್ಲೀ, ಕೂತ್ಕೋ..."

ಡಾಕ್ಟರು ನಾಡಿ ನೋಡಿದರು. "ಕಾಯಿಲೆ ಏನಿಲ್ಲಮ್ಮ, ಆಯಾಸ. ಇಷ್ಟೊಂದು ಓಡ್ತಿರೋದು ಯಾರಿಗೋಸ್ಕರ?"

ಅಪ್ಪ ಗುಣವಾಗಿ ಎಷ್ಟೋ ಕಾಲವಾಗಿತ್ತಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಅದಕ್ಕೇ ಭಯವಾಯಿತು.

ಶಾಲೆಯೊಂದನ್ನು ಉಳಿಸಿಕೊಂಡು ಉಳಿದದ್ದೆಲ್ಲ ಬಿಟ್ಟಳು. ಮೊದಮೊದಲು ಸಂಜೆಗಳು ಚುಚ್ಚಿದವು. ಸುಮ್ಮನೆ ಕೂರುವುದು ತಪ್ಪು ಮಾಡಿದಂತೆ ಅನಿಸುತ್ತಿತ್ತು. ಕ್ರಮೇಣ ಕೂತು ಉಣ್ಣುವುದನ್ನು ಕಲಿತಳು. ಅಪ್ಪನ ಜೊತೆ ಕೆರೆ ಏರಿಯ ಮೇಲೆ ನಡೆದಳು. ನಿದ್ದೆ ತಾನಾಗಿ ಬರತೊಡಗಿತು.

ಮನಸ್ಸು ತಿಳಿಯಾದ ಮೇಲೆ ಒಂದು ಮಾತು ಮಾತ್ರ ಉಳಿಯಿತು. 'ಬೇಡ ಅಂದವನು ಕಿಟಕಿ ಯಾಕೆ ಮುಚ್ಚಿದ? ಅಮ್ಮ ಅದನ್ನು ಎಷ್ಟು ಸಲ ಹೇಳಿದಳು...'

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಚಿಂತಾಮಣಿ ಬಸ್ಸು ಹತ್ತಿದಳು. ಅವನು ಗುಮಾಸ್ತನಾಗಿದ್ದ ಕಚೇರಿಯ ಮುಂದೆ ಕಾದಳು. ಹೊರಬಂದವನು ಅವಳನ್ನು ಕಂಡು ಬೆರಗಾದ.

"ನೀವು... ಇಲ್ಲಿ?"

"ಒಂದು ಮಾತು ಕೇಳೋಕೆ ಬಂದೆ. ನನ್ನನ್ನ ಯಾಕೆ ಬೇಡ ಅಂದ್ರಿ?"

"ನಾನಾ? ನಾನು ಬೇಡ ಅನ್ಲಿಲ್ಲ ರೀ! ಈಗ್ಲೇ ಏನೂ ಕೇಳ್ಬೇಡಿ, ಅವರಿಗೆ ತುಂಬಾ ಸುಸ್ತಾಗಿದೆ, ಸುಧಾರಿಸ್ಕೊಳ್ಳಲಿ, ಆಮೇಲೆ ಅವರನ್ನೇ ಕೇಳಿ ಅಂತ ಜಾನಕಮ್ಮನವರಿಗೆ ಹೇಳಿದ್ದೆ. ನಿಮ್ಮಿಂದ ಉತ್ತರಾನೇ ಬರ್ಲಿಲ್ಲ. ಇಷ್ಟ ಇಲ್ವೇನೋ ಅನ್ಕೊಂಡೆ..."

ಅರ್ಧ ಮಾತು ದಾರಿಯಲ್ಲೇ ಬಿದ್ದುಹೋಗಿತ್ತು! ವಸುಮತಿಗೆ ನಗು ಬಂತು, ಕಣ್ಣೂ ತುಂಬಿತು.

ಇಬ್ಬರೂ ಬಸ್ ಸ್ಟ್ಯಾಂಡಿನವರೆಗೆ ನಡೆದು ಕಲ್ಲುಬೆಂಚಿನ ಮೇಲೆ ಕೂತರು.

"ಈಗ ನಾನೇ ಕೇಳ್ಲಾ?" ಅವನ ದನಿ ತಗ್ಗಿತು. "ನನ್ನನ್ನ ಮದುವೆ ಆಗ್ತೀರಾ?"

"ಶಿಡ್ಲಘಟ್ಟ! ಶಿಡ್ಲಘಟ್ಟ!" ಕಂಡಕ್ಟರ್ ಕೂಗಿದ. ಬಸ್ಸು ಹೊರಡುವುದರಲ್ಲಿತ್ತು.

"ನಿಮ್ಮ ಬಸ್ಸು..."

"ಹೋಗ್ಲಿ ಬಿಡಿ. ಓಡ್ತಾ ಓಡ್ತಾ ಹೇಳೋ ಉತ್ತರ ಅಲ್ಲ ಇದು."

ಬಸ್ಸು ಹೋಯಿತು. ಧೂಳು ಇಳಿಯುವವರೆಗೂ ಅವಳು ಅದು ಹೋದ ದಾರಿಯನ್ನೇ ನೋಡಿದಳು. ಅವನು ಅವಸರಪಡಿಸಲಿಲ್ಲ.

"ಆಗ್ತೀನಿ," ಎಂದಳು.

"ಯೋಚ್ನೆ ಮಾಡಿ ಹೇಳ್ತಿದೀರಾ?"

"ಹೂಂ. ಈ ಸಲ ಪೂರ್ತಿ ಎಚ್ಚರವಾಗಿದ್ದೀನಿ!"

"ಇನ್ನೊಂದು ಬಸ್ಸು ಬರೋದು ತಡ ಆಗುತ್ತೆ..."

"ಆಗ್ಲಿ," ಎಂದು ವಸುಮತಿ ಅವನ ಕಡೆಗೆ ಒಂದಿಷ್ಟು ಸರಿದು ಕೂತಳು.