ಬೆಳೆಯಬಾರದೆಂದು ಸಾಕಿದ ನಾಯಿ

"ಹೆದರಬೇಡಿ, ಕೈ ಚಾಚಿ!"

ಕುಶಾಲನಗರದ ನಾಯಿಮರಿ ಅಂಗಡಿಯಲ್ಲಿ ಚಂದನಾ ಅಂಗೈ ಚಾಚಿದಳು. ಮಾಲೀಕ ನಂದೀಶ್ ಅದರ ಮೇಲೊಂದು ಮರಿ ಇಟ್ಟ. ಅಂಗೈ ಪೂರ್ತಿ ತುಂಬಲೇ ಇಲ್ಲ! ಅವನ ಬೆರಳು ತಾಗಿದ್ದಕ್ಕೋ, ಮರಿಯ ಎದೆ ಡವಡವ ಅಂದದ್ದಕ್ಕೋ, ಅವಳ ಎದೆಯೂ ಜೋರಾಗಿ ಬಡಿದುಕೊಂಡಿತು.

"ಎಷ್ಟು ದೊಡ್ಡದಾಗುತ್ತೆ?"

"ಆಗಲ್ಲ ರೀ. ಜೀವನಪೂರ್ತಿ ಇಷ್ಟೇ ಇರುತ್ತೆ."

ಎಂಥ ಮುದ್ದು ಮಾತು ಅಂದುಕೊಂಡಳು, ಹುಚ್ಚುಹುಡುಗಿ! ಯಾಕೆ ಬೆಳೆಯುವುದಿಲ್ಲ ಎಂದು ಕೇಳಬೇಕೆನ್ನುವುದು ಅವಳಿಗೆ ಹೊಳೆಯಲೇ ಇಲ್ಲ.

ಮರಿಗೆ ಮೆಣಸು ಅಂತ ಹೆಸರಿಟ್ಟಳು. ಹಗಲೂ ರಾತ್ರಿ ಅದು ಕುಂಯ್‌ಗುಟ್ಟಿದಾಗೆಲ್ಲ ಎದ್ದು ಹಾಲು ಕುಡಿಸುತ್ತಿದ್ದಳು. ಅದನ್ನು ನೋಡುವ ನೆಪದಲ್ಲಿ ನಂದೀಶ್ ಪ್ರತಿ ಭಾನುವಾರ ಶನಿವಾರಸಂತೆಯ ಅವಳ ಮನೆಗೆ ಬರತೊಡಗಿದ. ಮೆಣಸಿನ ಯೋಗಕ್ಷೇಮಕ್ಕೆ ಎರಡು ನಿಮಿಷ, ಚಂದನಾಳ ಮುಖಕ್ಕೆ ಎರಡು ಗಂಟೆ! ಅಜ್ಜಿ ಚನ್ನಬಸಮ್ಮನಿಗೂ ಗೊತ್ತಾಗಿತ್ತು. ಕಾಫಿ ಕೊಟ್ಟು ಸುಮ್ಮನೆ ಒಳಗೆ ಹೋಗಿಬಿಡುತ್ತಿದ್ದರು.

ಆಮೇಲೆ ಶಿವರಾತ್ರಿ ಬಂತು.

ಆ ಮನೆಯಲ್ಲಿ ಅವತ್ತು ಸಂಜೆಯ ಪೂಜೆಯವರೆಗೆ ಒಲೆ ಹಚ್ಚುವುದಿಲ್ಲ. ಕೊಟ್ಟಿಗೆ ಕಾಯುವ ದೊಡ್ಡ ನಾಯಿ ಕರಿಯನಿಗೂ ಪ್ರಸಾದವೇ ಮೊದಲ ತುತ್ತು.

"ಮೆಣಸಿಗೆ ಒಂಚೂರು ಹಾಲು ಹಾಕ್ಲಾ ಅಜ್ಜಿ?"

"ಒಂದಿನ ತಾನೇ ಕಣವ್ವ. ಕರಿಯ ಉಪವಾಸ ಇರಲ್ವಾ? ಇದೂ ಶಿವನ ಮನೆ ನಾಯೀನೇ."

ಮಂಗಳಾರತಿಯ ಹೊತ್ತಿಗೆ ಮೆಣಸು ನಡುಗತೊಡಗಿತು. ಕಾಲು ಸೆಟೆದುಕೊಂಡವು. ಚಂದನಾಳ ಮಡಿಲಲ್ಲೇ ಉಸಿರು ನಿಂತಿತು...

ಅಳುತ್ತಲೇ ನಂದೀಶನಿಗೆ ಫೋನ್ ಮಾಡಿದಳು.

"ಇಷ್ಟು ಚಿಕ್ಕದಕ್ಕೆ ಮೂರು ಗಂಟೆಗೊಮ್ಮೆ ತಿನ್ನಿಸ್ಬೇಕು, ಇಲ್ಲಾಂದ್ರೆ ರಕ್ತದಲ್ಲಿ ಸಕ್ಕರೆ ಇಳಿದು ಹೋಗ್ಬಿಡುತ್ತೆ! ಉಪವಾಸ ಕೆಡವಿದ್ರಾ?" ಅಂದವನೇ ಫೋನ್ ಇಟ್ಟುಬಿಟ್ಟ.

ಆ ಭಾನುವಾರ ಅವನು ಬರಲಿಲ್ಲ. ಮರುವಾರವೂ ಇಲ್ಲ. 'ಕೊಂದವಳು ನಾನೇ. ಅವರಿಗೆ ನನ್ನ ಮುಖ ನೋಡಲೂ ಅಸಹ್ಯ...' ಎಂದು ಚಂದನಾ ಕೊರಗಿದಳು. ಅಜ್ಜಿಯ ಪಾಡು ಇನ್ನೂ ಘೋರ. "ನನ್ನ ಪೂಜೆ ಒಂದು ಜೀವ ತಿಂತು" ಎಂದು ಲಿಂಗಪೂಜೆ ಬಿಟ್ಟರು. ಪೂಜೆಯಿಲ್ಲದೆ ಉಣ್ಣುವ ಪದ್ಧತಿ ಇಲ್ಲವಲ್ಲ, ಊಟವನ್ನೂ ಬಿಟ್ಟರು. ಮೊಮ್ಮಗಳು ಬಲವಂತದಿಂದ ಕುಡಿಸಿದ ಗಂಜಿಯಲ್ಲೇ ಜೀವ ಹಿಡಿದಿದ್ದರು.

ಮೂರು ವಾರದ ಮೇಲೆ ನಂದೀಶ್ ಬಾಗಿಲಲ್ಲಿ ನಿಂತಿದ್ದ. ಸೊರಗಿಹೋಗಿದ್ದ.

"ಅಜ್ಜಿ ಹಾಸಿಗೆ ಹಿಡಿದ್ರು ಅಂತ ಕೇಳ್ದೆ. ಚಂದನಾ... ಮೆಣಸನ್ನ ಕೊಂದಿದ್ದು ನಾನು."

"ಸಮಾಧಾನಕ್ಕೆ ಸುಳ್ಳು ಹೇಳ್ಬೇಡಿ!"

"ಸುಳ್ಳಲ್ಲ. ದಪ್ಪ ಆದ್ರೆ ಗಿರಾಕಿ ಮುಟ್ಟಲ್ಲ ಅಂತ ಮರಿಗಳಿಗೆ ಅರೆಹೊಟ್ಟೆ ಹಾಕ್ತಿದ್ದೆ. ಇನ್ನೂ ಚಿಕ್ಕದು ಬೇಕು ಅಂತ ತಾಯಿ ನಾಯಿನ ಅದರ ಮಗನ ಜೊತೆಗೇ ಕೂಡಿಸಿ ಮರಿ ಹಾಕಿಸ್ದೆ. ಹಾಗೆ ಹುಟ್ಟಿದ ಮೆಣಸಿನ ನೆತ್ತಿ ಮೂಳೆನೂ ಕೂಡಿರ್ಲಿಲ್ಲ. ಮೂರು ಗಂಟೆ ವಿಷಯ ಹೇಳಿದ್ರೆ ನೀವು ತಗೊಳ್ಳಲ್ಲ ಅಂತ ಮುಚ್ಚಿಟ್ಟೆ. ಆಮೇಲೆ, ನಿಮ್ಮನ್ನ ಕಳ್ಕೊಳ್ಳೋ ಭಯಕ್ಕೆ..."

"ಮೂರು ವಾರ! ನಾನೇ ಕೊಂದೆ ಅಂತ ನಂಬೋಕೆ ಬಿಟ್ರಲ್ಲ! ಬನ್ನಿ, ಇದನ್ನೆಲ್ಲ ಅಜ್ಜಿಗೆ ಹೇಳಿ."

ಅವನು ಹೇಳಿದ. ಅಜ್ಜಿ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡರು.

"ಅವತ್ತು ಒಂದು ತುತ್ತು ಹಾಕಿದ್ರೆ ಬದುಕ್ತಿತ್ತೇನಪ್ಪಾ?"

ಇಲ್ಲ ಅಂದುಬಿಡಿ... ಚಂದನಾ ಮನಸ್ಸಿನಲ್ಲೇ ಬೇಡಿಕೊಂಡಳು.

"ಅವತ್ತು ಬದುಕ್ತಿತ್ತು ಅಜ್ಜಿ. ಆದ್ರೆ ಹೆಚ್ಚು ದಿನ ಅಲ್ಲ."

ಅಜ್ಜಿ ಗೋಡೆಯ ಕಡೆ ಹೊರಳಿಕೊಂಡರು. ಚಂದನಾ ಅವರ ಹೊದಿಕೆ ಸರಿಮಾಡಿದಳು. ನಂದೀಶ್ ಒಂದು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅದಕ್ಕೇ ಅವನನ್ನು ದ್ವೇಷಿಸಲು ಅವಳಿಂದಾಗಲಿಲ್ಲ.

ಜಗಲಿಗೆ ಬಂದು ಕೇಳಿದಳು. "ಅಂಥ ಮರಿಗಳು ಇನ್ನೆಷ್ಟಿವೆ?"

"ಹನ್ನೊಂದು. ಅಂಗಡಿ ಮುಚ್ಚಿದೀನಿ. ಮಾರಲ್ಲ, ಮರಿನೂ ಹಾಕಿಸಲ್ಲ."

"ಬದುಕ್ತವಾ?"

"ಮೊನ್ನೆ ಹದಿಮೂರಿದ್ವು ಚಂದನಾ..."

ಅವಳು ಕಣ್ಣೊರೆಸಿಕೊಂಡಳು. "ಒಂದೊಂದೇ ಸಾಯೋದನ್ನ ಒಬ್ರೇ ಕೂತು ನೋಡ್ತೀರಾ? ನಾಳೆಯಿಂದ ನಾನೂ ಬರ್ತೀನಿ."

"ನನ್ನನ್ನ ಕ್ಷಮಿಸಿದ್ರಾ?"

"ಇಲ್ಲ." ಅವಳು ಅವನ ಕೈ ಹಿಡಿದುಕೊಂಡಳು. "ಪ್ರೀತಿಸ್ತೀನಿ. ಕ್ಷಮಿಸೋಕೆ ಆಗ್ತಿಲ್ಲ."

"ಅವು ಕೈಯಲ್ಲೇ ಹೋಗ್ಬಿಡ್ತವೆ. ತಡ್ಕೊಳ್ತೀರಾ?"

"ಇಲ್ಲ... ಅದಕ್ಕೇ ನೀವು ಪಕ್ಕದಲ್ಲೇ ಇರಿ."