ನೀರಿಗೂ ಅಮಲು

ಎಫ್ರಾಯಿನ್‌ನ ರಕ್ತದಲ್ಲಿ ಆಲ್ಕೋಹಾಲ್ ಇರಲಿಲ್ಲ.

ಅದನ್ನು ಸಾಬೀತು ಮಾಡಲು ಹೋದವನ ಹಣೆಗೆ ಪಿಸ್ತೂಲು ಒತ್ತಿಕೊಂಡಿತ್ತು.

ಹಣೆ ನನ್ನದು!

"ಬಾಟಲಿ ಕೆಳಗಿಡು, ಬರ್ರಾಸಾ!" ಲ್ಯಾಬಿನ ಕಾವಲುಗಾರ ಪೋಲೊ ನನ್ನ ಹೆಸರು ಹಿಡಿದು ಗುರುಗುಟ್ಟಿದ.

"ಇಡ್ತೀನಪ್ಪಾ... ಮೊದಲು ಆ ಯಂತ್ರ ಏನು ಹೇಳ್ತಿದೆ ನೋಡು."

ಯಂತ್ರದೊಳಗೆ ನಾನು ರಕ್ತ ಇಟ್ಟಿರಲಿಲ್ಲ. ಬರೀ ನೀರು, ಅದಕ್ಕೆ ಬಾಟಲಿಯಲ್ಲಿದ್ದ ಪರೀಕ್ಷಾ ಮಿಶ್ರಣ. ಯಂತ್ರದ ಪ್ರಕಾರ ಆ ನೀರು ಕಂಠಪೂರ್ತಿ ಕುಡಿದಿತ್ತು!

ಎಫ್ರಾಯಿನ್ ನಮ್ಮ ಬರಾಂಕಿಯಾ ಊರಿನ ಬಸ್ ಚಾಲಕ. ಬ್ರೇಕ್ ಕೈಕೊಟ್ಟು ಬಸ್ಸು ಗೋಡೆಗೆ ಗುದ್ದಿತು. ಈ ಲ್ಯಾಬು ಅವನ ರಕ್ತ ನೋಡಿ 'ಕುಡಿದಿದ್ದ' ಎಂದಿತು. ಅಂದು ಸಂಜೆ ತೀರ್ಪು. ಚಾಲಕರ ಸಂಘದವರು ಇಂಥ ಹೊಲಸಿಗೆಲ್ಲ ನನ್ನನ್ನೇ ಕಳಿಸುತ್ತಾರೆ.

ಜೊತೆಗೆ ನನ್ನ ಮಾಜಿ ಹೆಂಡತಿ ಯಾದೀರಾ. ಕೆಮಿಸ್ಟ್ರಿ ಮೇಡಂ.

"ಡಾಕ್ಟ್ರೇ, ಈ ಮಿಶ್ರಣ ಬೆಳಗ್ಗೆ ಕಲಸಿಟ್ಟಿದ್ದು ತಾನೇ?" ಲ್ಯಾಬಿನ ಮುಖ್ಯಸ್ಥ ಇನ್ಸಿಗ್ನಾರೆಸ್‌ನನ್ನು ಅವಳು ಕೇಳಿದಳು.

"ದಿನಾ ಹಾಗೇ. ಕೆಲಸ ಬೇಗ ಆಗುತ್ತೆ."

"ಈ ಸೆಖೆಯಲ್ಲಿ ಇಟ್ರೆ ಇದರಲ್ಲಿರೋ ಕೋ-ಎನ್‌ಜೈಮ್, ಹೈಡ್ರಜೀನ್ ಅನ್ನೋ ರಾಸಾಯನಿಕಗಳು ಹೊತ್ತು ಹೋದಷ್ಟೂ ತಾವೇ ಕೂಡಿಕೊಳ್ತವೆ. ಯಂತ್ರ ಅದನ್ನೇ ಆಲ್ಕೋಹಾಲ್ ಅಂದ್ಕೊಳ್ಳುತ್ತೆ! ಯಂತ್ರಕ್ಕೆ ಸೊನ್ನೆ ಹೊಂದಿಸೋದು ಯಾವಾಗ?"

"...ಬೆಳಗ್ಗೆ."

"ಎಫ್ರಾಯಿನ್ ರಕ್ತ ನೋಡಿದ್ದು?"

"ಮಧ್ಯಾಹ್ನ." ಅವನ ಮುಖ ಬಿಳಿಚಿತು. "ಪೋಲೊ! ನಮ್ಮ ಹಳೇ ರಿಪೋರ್ಟೆಲ್ಲ ಕಸ ಆಗುತ್ತೆ ಕಣೋ. ಬಾಟಲಿ ಹೊರಗೆ ಹೋಗಬಾರದು!"

ಪೋಲೊನ ಮೊಣಕಾಲಿಗೆ ಒದ್ದೆ. ಪಿಸ್ತೂಲಿನ ಹಿಡಿ ನನ್ನ ಬಾಯಿಗೆ ಬಿತ್ತು. ಎರಡು ಹಲ್ಲು ಅಲ್ಲೇ ಉಗಿದು, ಬಾಟಲಿ ಅವಚಿಕೊಂಡು ಓಡಿದೆ. ಯಾದೀರಾ ನನಗಿಂತ ಮುಂದೆ!

ಬೀದಿಯಲ್ಲಿ ಬಾಡಿಗೆ ಬೈಕಿನವನೊಬ್ಬ ನಿಂತಿದ್ದ. ಇಬ್ಬರೂ ಅವನ ಹಿಂದೆ ಏರಿದೆವು.

"ಕೋರ್ಟಿಗೆ! ಹಿಂದೆ ಓಡಿಬರ್ತಿರೋನು ಗುಂಡು ಹಾರಿಸ್ತಾನೆ!"

"ಹಾರಿಸ್ಲಿ ಬಿಡಿ ಯಜಮಾನ್ರೇ. ನನ್ನ ಬೆನ್ನಿಗೆ ನೀವಿಬ್ಬರಿದ್ದೀರಲ್ಲ!"

ಢಂ!

ಬೈಕಿನ ಕನ್ನಡಿ ಚೂರಾಯಿತು. ಮೀನು ಮಾರುಕಟ್ಟೆಯ ಸಂದಿಗೆ ನುಗ್ಗಿದೆವು. ಪೋಲೊ ಮಂಜುಗಡ್ಡೆಯ ರಾಶಿಗೆ ಮುಗ್ಗರಿಸಿ ಬಿದ್ದ.

ಕೋರ್ಟು ಇನ್ನೂ ನಡೆಯುತ್ತಿತ್ತು. ಯಾದೀರಾ ಎಲ್ಲ ಬಿಡಿಸಿ ಹೇಳಿದಳು. ನ್ಯಾಯಾಧೀಶೆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಪರೀಕ್ಷೆಗೆ ಕಳಿಸಿ."

ಗೆದ್ದೆವು ಎಂದುಕೊಂಡೆ!

"ಎಲ್ಲಿಗೆ, ಮೇಡಂ?" ಗುಮಾಸ್ತ ಕೇಳಿದ.

"ಮಾನ್ಯತೆ ಇರೋದು ಒಂದೇ ಲ್ಯಾಬಿಗಲ್ವೇನ್ರೀ? ಡಾಕ್ಟರ್ ಇನ್ಸಿಗ್ನಾರೆಸ್ ಅವರಿಗೆ."

"ಮೇಡಂ, ಕಳ್ಳನ ಕೈಗೇ..." ನಾನು ಬಾಯಿ ಹಾಕಿದೆ.

"ಇನ್ನೊಂದು ಮಾತಾಡಿದ್ರೆ ನೀವೂ ಒಳಗೆ!"

ಮರುದಿನ ರಿಪೋರ್ಟ್ ಬಂತು. ಮಿಶ್ರಣ ತಾಜಾ ಆಗಿದೆ, ದೋಷವಿಲ್ಲ. ಇರುವುದಾದರೂ ಹೇಗೆ? ಅದು ಬೇರೆಯೇ ಬಾಟಲಿ!

ಕೋಳ ತೊಡಿಸುವಾಗ ಎಫ್ರಾಯಿನ್ ನನ್ನತ್ತ ತಿರುಗಿದ. "ಮೊದ್ಲೇ ಗೊತ್ತಿದ್ರೆ ಎರಡು ಪೆಗ್ಗಾದ್ರೂ ಹಾಕ್ತಿದ್ದೆ, ಅಣ್ಣಾ..."

ಅವನಿಗೆ ನಾಲ್ಕು ವರ್ಷ ಹೋಯಿತು. ನನಗೆ ಎರಡು ಹಲ್ಲು.

ಲ್ಯಾಬಿಗೆ ಒಂದು ಬಾಟಲಿ.