ಕೊಡೆಗೆ ಸಿಕ್ಕಿಸಿದ ನನ್ನ ವಯಸ್ಸು

“ಇಲ್ಲೊಬ್ಬಳು ಥೇಟ್ ನಿಮ್ಮ ಥರಾನೇ ಇದ್ದಾಳೆ ನೋಡಿ ಮೇಡಂ,” ಎಂದು ದೂರದ ಹಾರ್ಬಿನ್ ನಗರದಿಂದ ಪ್ರವಾಸ ಬಂದಿದ್ದ ಹೆಂಗಸು ಬಗ್ಗಿ ಕೊಡೆಯ ಮೇಲಿನ ಹಾಳೆ ಓದತೊಡಗಿದಳು. “ಹೆಣ್ಣು. ಇಪ್ಪತ್ತೊಂಬತ್ತು ವರ್ಷ. ಪ್ರವಾಸ ಕಂಪನಿಯಲ್ಲಿ ಮ್ಯಾನೇಜರ್. ಸ್ವಭಾವ ಮೃದು. ಹುಡುಗನಿಗೆ ಸ್ವಂತ ಮನೆ, ಕಾರು ಇರಲೇಬೇಕು.”

ಸ್ವಭಾವ ಮೃದು ಎಂದಾಗಲೇ ಅದು ನಾನಲ್ಲ ಎಂದು ನಿಶ್ಚಿಂತಳಾದೆ. ಆದರೆ ಫೋಟೋ ನನ್ನದೇ ಆಗಿತ್ತು.

ಚೆಂಗ್ಡು ನೋಡಲು ಬಂದವರಿಗೆ ಬೆಳಿಗ್ಗೆ ಪಾಂಡಾ, ಆಮೇಲೆ ಈ ಪಾರ್ಕಿನ ಮದುವೆ ಮೂಲೆ, ಚಹಾ, ಸಂಜೆ ಕುದಿಯುವ ಸಾರಿನ ಹಾಟ್‌ಪಾಟ್ ಊಟ. ಐದು ವರ್ಷದಿಂದ ಇದೇ ನನ್ನ ಗೈಡ್ ಕೆಲಸ. ಅಪ್ಪ ಅಮ್ಮಂದಿರು ಕೊಡೆ ಬಿಚ್ಚಿ ನೆಲದ ಮೇಲಿಟ್ಟು, ಅದಕ್ಕೆ ಮಕ್ಕಳ ವಿವರದ ಹಾಳೆ ಸಿಕ್ಕಿಸಿ ಕೂತಿರುತ್ತಾರೆ. ಎಷ್ಟೋ ಸಲ ಆ ಮಕ್ಕಳಿಗೇ ಗೊತ್ತಿರುವುದಿಲ್ಲ. ಇದನ್ನು ನಾನೇ ನಗುನಗುತ್ತ ವಿವರಿಸಿಕೊಂಡು ಬಂದವಳು. ಈಗ ಹದಿನೆಂಟು ಜನ ಹಾಳೆಯನ್ನೊಮ್ಮೆ ನನ್ನನ್ನೊಮ್ಮೆ ನೋಡುತ್ತಿದ್ದರು. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಕೊಡೆಯ ಹಿಂದೆ ಪುಟ್ಟ ಸ್ಟೂಲಿನ ಮೇಲೆ ನನ್ನಮ್ಮ ಸೂರ್ಯಕಾಂತಿ ಬೀಜ ಕಡಿಯುತ್ತ ಕೂತಿದ್ದಳು.

“ಅಮ್ಮ, ಏನಿದು?”

“ನಿನ್ನ ಕೆಲಸ ನೋಡ್ಕೊ ಹೋಗು. ಜನ ಕಾಯ್ತಿದ್ದಾರೆ.”

“ನನಗೆ ಮೂವತ್ತೆರಡು ವರ್ಷ.”

“ಮೆಲ್ಲಗೆ ಮಾತಾಡೇ ಯೀಲಾನ್,” ಅಮ್ಮ ಅತ್ತಿತ್ತ ನೋಡಿದಳು. “ಒಬ್ಬ ಹುಡುಗ ಸಿಕ್ಕಿದ್ದಾನೆ, ಹಲ್ಲಿನ ಡಾಕ್ಟರು. ಎರಡು ಫ್ಲಾಟು. ಭಾನುವಾರ ಊಟಕ್ಕೆ ಬರ್ತೀವಿ ಅಂತ ಮಾತು ಕೊಟ್ಟಾಗಿದೆ. ಒಪ್ಪಿಗೆ ಆದ್ರೆ ಈ ತಿಂಗಳಲ್ಲೇ ಮದುವೆ. ಅವರಮ್ಮ ನಿನ್ನ ಫೋಟೋ ನೋಡಿ ಹಲ್ಲು ಚೆನ್ನಾಗಿದೆ ಅಂದ್ರು.”

“ಹಸು ಕೊಳ್ಳೋರೂ ಹಲ್ಲೇ ನೋಡೋದು.”

ಹಾರ್ಬಿನ್ನಿನವರು ಗೊಳ್ಳೆಂದು ನಕ್ಕರು. ಅವರ ಮುಂದೆ ಜಗಳವಾಡಲು ಮನಸ್ಸಾಗಲಿಲ್ಲ. ಗೈಡಿನ ಬಾವುಟ ಎತ್ತಿ ಹಿಡಿದು ಎಲ್ಲರನ್ನೂ ಪಾರ್ಕಿನ ಬಯಲು ಚಹಾದಂಗಡಿಗೆ ಕರೆದುಕೊಂಡು ಹೋದೆ.

ಅಲ್ಲಿ ಬೋವೆನ್ ಇದ್ದ. ಬಿದಿರು ಕುರ್ಚಿಗಳ ನಡುವೆ ಓಡಾಡುತ್ತ, ಚಿಮಟ ಟಿಣ್ ಎನಿಸಿ, ಬಂದವರ ಕಿವಿ ಸ್ವಚ್ಛ ಮಾಡುವುದು ಅವನ ಕಸುಬು. ಉದ್ದ ಬೆರಳು, ಮೆಲುಮಾತು. ನನ್ನ ಜನರನ್ನು ಮೂರು ವರ್ಷದಿಂದ ಅವನ ಕುರ್ಚಿಯಲ್ಲೇ ಕೂರಿಸುತ್ತಿದ್ದೇನೆ. ಅವರು ಕಣ್ಣು ಮುಚ್ಚಿದಾಗ ಅವನು ಅವರ ತಲೆಯ ಮೇಲಿಂದ ನನ್ನನ್ನು ನೋಡುತ್ತಾನೆ. ನಾನು ನೋಡಿದರೆ ಕೈಯಲ್ಲಿನ ಕಿವಿ ಕಡ್ಡಿಯ ಕಡೆ ತಿರುಗುತ್ತಾನೆ. ಅಷ್ಟೇ, ಮೂರು ವರ್ಷ.

“ಇಪ್ಪತ್ತೊಂಬತ್ತಂತೆ?” ಎಂದ, ಒಬ್ಬ ಮುದುಕನ ಕಿವಿಯಿಂದ ಕಣ್ಣೆತ್ತದೆ.

“ಸುದ್ದಿ ಆಗ್ಲೇ ಬಂತಾ?”

“ಈ ಪಾರ್ಕಿನ ಕಿವಿಗಳೆಲ್ಲ ನನ್ನ ಕೈಲೇ ಇವೆಯಲ್ಲ, ಗೈಡಮ್ಮಾವ್ರೆ.” ತುಟಿಯಂಚಿನಲ್ಲಿ ಒಂದು ನಗು ಬಂದು ಅಲ್ಲೇ ನಿಂತಿತು. “ಹೋಗಿ ಭಾನುವಾರ. ಎರಡು ಫ್ಲಾಟು ಅಂದ್ರೆ ಸುಮ್ನೆ ಅಲ್ಲ. ನನಗಿರೋದು ಒಂದು ಬಾಡಿಗೆ ರೂಮು.”

“ನಿನ್ನ ರೂಮಿನ ಲೆಕ್ಕ ಇಲ್ಲಿ ಯಾಕೆ ಬಂತು?”

ಮುದುಕ ಒಂದು ಕಣ್ಣು ತೆರೆದು, ಇಬ್ಬರನ್ನೂ ನೋಡಿ, ಮತ್ತೆ ಮುಚ್ಚಿಕೊಂಡ.

ನನಗೆ ಸಿಟ್ಟು ನೆತ್ತಿಗೇರಿತು. ಅಮ್ಮ ನನ್ನನ್ನು ಕೇಳದೆ ಕೊಡೆಗೆ ಸಿಕ್ಕಿಸಿದಳು, ಇವನು ನನ್ನನ್ನು ಕೇಳದೆ ಡಾಕ್ಟರನಿಗೆ ಬಿಟ್ಟುಕೊಡುತ್ತಿದ್ದಾನೆ. ಮುದುಕ ಎದ್ದ ಕೂಡಲೇ ನಾನು ಆ ಕುರ್ಚಿಯಲ್ಲಿ ಕೂತೆ.

“ನನ್ನ ಕಿವಿ ನೋಡು.”

“ಇವತ್ತು ಬೇಡ.”

“ಮೂರು ವರ್ಷದಿಂದ ಬೇಡ ಅಂತಾನೇ ಇದ್ದೀಯ. ಎಂಥೆಂಥವರ ಕಿವಿಗೋ ಕೈ ಹಾಕ್ತೀಯ, ನನ್ನ ಕಿವಿ ಏನು ಪಾಪ ಮಾಡಿದೆ?”

ಅವನು ಕಡ್ಡಿಯನ್ನು ಬಟ್ಟೆಯಲ್ಲಿ ಒರೆಸಿದ. ಮತ್ತೊಮ್ಮೆ ಒರೆಸಿದ. “ಕಡ್ಡಿ ಕಿವಿಯೊಳಗಿದ್ದಾಗ ಕೈ ಕೂದಲೆಳೆಯಷ್ಟೂ ಅಲುಗಬಾರದು. ಅಪ್ಪ ಕಲಿಸಿದ ಮೊದಲ ಪಾಠ ಅದು. ನೀನು ಪಕ್ಕದಲ್ಲಿ ಬಂದು ನಿಂತ್ರೇನೇ ನನ್ನ ಕೈ ನಡುಗುತ್ತೆ, ಯೀಲಾನ್. ನಿನ್ನ ಕಿವಿಗೆ ಹೇಗೆ ಹಾಕಲಿ?”

ಸಂತೋಷಕ್ಕೆ ಕುರ್ಚಿಯಿಂದ ಎದ್ದೇಬಿಟ್ಟೆ. ಅದರ ಹಿಂದೆಯೇ ಸಿಟ್ಟೂ ಬಂತು.

“ಇದನ್ನ ಹೇಳೋಕೆ ಮೂರು ವರ್ಷ ಬೇಕಾಯ್ತಾ? ನಾನೇನು ದಾರಿ ತಪ್ಪಿ ದಿನಾ ಇಲ್ಲಿಗೆ ಬರ್ತಿದ್ನಾ? ಇದೇ ಪಾರ್ಕಿನಲ್ಲಿ ಕಿವಿ ಸ್ವಚ್ಛ ಮಾಡೋರು ಇನ್ನೂ ಆರು ಜನ ಇದ್ದಾರೆ.”

ಅವನ ಮುಖ ಕಿವಿಯವರೆಗೆ ಕೆಂಪಾಯಿತು.

ನಾನು ಚಹಾದ ಬಿಲ್ಲು ಬರೆಯುವವಳ ಕೈಯಿಂದ ಮಾರ್ಕರ್ ಪೆನ್ನು ಕಿತ್ತುಕೊಂಡು ಮದುವೆ ಮೂಲೆಗೆ ನಡೆದೆ. ಹಾರ್ಬಿನ್ನಿನವರು ಚಹಾ ಬಿಟ್ಟು ಹಿಂದೆಯೇ ಬಂದರು. ಬಾವುಟ ಕೆಳಗಿಡುವುದು ಮರೆತಿದ್ದೆನಲ್ಲ, ಅದರ ಹಿಂದೆ ಬರುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು.

ಕೊಡೆಯ ಮುಂದೆ ಕೂತು ಇಪ್ಪತ್ತೊಂಬತ್ತನ್ನು ಹೊಡೆದು ಮೂವತ್ತೆರಡು ಎಂದು ದೊಡ್ಡದಾಗಿ ಬರೆದೆ. ಮ್ಯಾನೇಜರ್ ಹೊಡೆದು ಗೈಡ್ ಎಂದೆ. ಮೃದು ಹೊಡೆದು ಮುಂಗೋಪಿ ಎಂದೆ. ಮನೆ, ಕಾರು ಎರಡರ ಮೇಲೂ ಗೀಟು ಎಳೆದೆ. ಸುತ್ತಲಿನ ಅಮ್ಮಂದಿರು ಬೀಜ ಕಡಿಯುವುದು ನಿಲ್ಲಿಸಿದರು.

“ತಲೆ ಕೆಟ್ಟಿದೆಯೇನೇ ನಿನಗೆ,” ಅಮ್ಮನ ದನಿ ಒಡೆಯಿತು. “ಎಲ್ಲರೂ ನೋಡಿದ್ರು. ಇನ್ನು ಈ ಊರಲ್ಲಿ ನಿನ್ನನ್ನ ಯಾರು ಕೇಳ್ತಾರೆ?”

“ನಾನು ಕೇಳ್ತೀನಿ, ಆಂಟಿ.”

ಬೋವೆನ್. ಓಡಿ ಬಂದಿದ್ದ. ಏದುಸಿರು, ಮುಷ್ಟಿಯಲ್ಲಿ ಇನ್ನೂ ಕಡ್ಡಿಗಳು.

ಅಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. “ಮನೆ ಇದೆಯಾ?”

“ಇಲ್ಲ.”

“ಕಾರು?”

“ಇಲ್ಲ.”

“ಮತ್ತೇನಿದೆ ನಿನ್ನ ಹತ್ರ?”

“ಕೆಲಸ ಇದೆ. ಇವಳ ಮೇಲೆ ಪ್ರೀತಿ ಇದೆ. ಧೈರ್ಯ ಇರಲಿಲ್ಲ, ಇವತ್ತು ಬಂತು.”

ನಾನು ಅವನ ಪಕ್ಕ ಹೋಗಿ ನಿಂತೆ. “ಸೋಮವಾರ ರಜೆ ಸಿಗುತ್ತಾ ನಿನಗೆ?”

“ಯಾಕೆ?”

“ಮದುವೆ ನೋಂದಣಿ ಆಫೀಸು ಸೋಮವಾರ ತೆರೆದಿರುತ್ತೆ.”

ಅವನು ಕಡ್ಡಿಗಳನ್ನು ಜೇಬಿಗಿಟ್ಟು ನನ್ನ ಕೈ ಹಿಡಿದ. “ಸಿಗದಿದ್ರೂ ಬರ್ತೀನಿ,” ಎಂದ.

ಅಮ್ಮ ಎದ್ದು ನಿಂತಳು. “ನಮ್ಮೆಲ್ಲರ ಹೆಸರಿರೋ ಸರ್ಕಾರಿ ಕುಟುಂಬ ಪುಸ್ತಕ ನನ್ನ ಬೀರುವಿನಲ್ಲಿದೆ. ಅದಿಲ್ಲದೆ ಹೇಗೆ ಮದುವೆ ಆಗ್ತೀಯೋ ನಾನೂ ನೋಡ್ತೀನಿ. ನಾನು ಕೊಡೋಲ್ಲ.”

“ಈಗ ಅದು ಬೇಕಾಗಿಲ್ಲಮ್ಮ. ಕಾನೂನು ಬದಲಾಯ್ತು. ಇಬ್ಬರ ಗುರುತಿನ ಚೀಟಿ ಸಾಕು.” ನನ್ನ ಕಣ್ಣಲ್ಲಿ ನೀರು ಬಂದಿತ್ತು, ದನಿ ಮಾತ್ರ ಇಳಿಸಲಿಲ್ಲ. “ನಿನಗೆ ನೋವು ಕೊಡಬೇಕು ಅಂತಲ್ಲ. ನೀನು ಬಂದ್ರೆ ನನಗೆ ತುಂಬಾ ಸಂತೋಷ. ಬರದಿದ್ರೂ ನಾನು ಇವನನ್ನೇ ಆಗೋದು.”

ಅಮ್ಮ ಪಕ್ಕದ ಕೊಡೆಯವಳನ್ನು ನೋಡಿದಳು, ಹದಿನೆಂಟು ಪ್ರವಾಸಿಗರನ್ನು ನೋಡಿದಳು, ನನ್ನ ಕೈ ಹಿಡಿದಿದ್ದ ಅವನ ಕೈಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಬಗ್ಗಿ ಹಾಳೆ ಬಿಡಿಸಿಕೊಂಡು, ನಾಲ್ಕು ಮಡಿಕೆ ಮಡಚಿ ಚೀಲದೊಳಗೆ ಹಾಕಿಕೊಂಡಳು. ಕೊಡೆ ಮುಚ್ಚಿದಳು.

“ಸೋಮವಾರ ಎಷ್ಟು ಗಂಟೆಗೆ?” ಎಂದು ಕೇಳಿದಳು.